‘ಈಸ್’ ಎನ್ನಬೇಕೋ ‘ಆರ್’ ಎನ್ನಬೇಕೋ: ಒಂದು ಕ್ರಿಯಾಪದದ ಚರಿತ್ರೆ

ಇಂಗ್ಲಿಷ್ ಕಲಿಸಿದ ನನ್ನಂಥವರನ್ನು ನಿವೃತ್ತಿಯ ನಂತರವೂ ಬಿಡದೆ ಹಿಂಬಾಲಿಸುವ ಪ್ರಶ್ನೆಯೊಂದಿದೆ. ‘ಕಮಿಟಿ’ ಎಂಬ ಪದದ ಮುಂದೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ? ‘ನನ್ ಆಫ್ ದೆಮ್’ ಎಂದ ಮೇಲೆ ‘ಹ್ಯಾಸ್’ ಸರಿಯೋ ‘ಹ್ಯಾವ್’ ಸರಿಯೋ? ಬೆಂಗಳೂರಿನ ಕಚೇರಿಗಳಲ್ಲಿಯೂ ಪರದೇಶಗಳಲ್ಲಿಯೂ ಇರುವ ನನ್ನ ಹಳೆಯ ವಿದ್ಯಾರ್ಥಿಗಳು ಇಂದಿಗೂ ಆಗಾಗ ಇದನ್ನು ಕೇಳುತ್ತಿರುತ್ತಾರೆ. ನಿಯಮವನ್ನು ಹೇಳಿ ಮುಗಿಸುವುದು ಸುಲಭ. ಆದರೆ ನಿಯಮದ ಹಿಂದಿರುವ ಚರಿತ್ರೆಯನ್ನು ಹೇಳಲು ಶಾಲೆಯ ಪಿರಿಯಡ್ಡು ಎಂದೂ ಸಾಲುತ್ತಿರಲಿಲ್ಲ. ಏಕವಚನ ಬಹುವಚನಗಳ ಈ ಸಣ್ಣ ಭೇದಕ್ಕಾಗಿ ಜನರು ಬೀದಿಯಲ್ಲಿ ಏಟು ತಿಂದಿದ್ದಾರೆ. ಒಂದು ದೊಡ್ಡ ದೇಶವು ತಾನು ಒಂದೋ ಹಲವೋ ಎಂಬುದನ್ನು ತನ್ನ ವಾಕ್ಯಗಳಲ್ಲಿ ನಿರ್ಧರಿಸಲಾರದೆ ನೂರು ವರ್ಷಕ್ಕೂ ಮಿಗಿಲಾಗಿ ತೊಳಲಾಡಿದೆ. ಕ್ರಿಯಾಪದದ ವಚನವನ್ನು ನಿರ್ಣಯಿಸುವುದು ಬರಿಯ ವ್ಯಾಕರಣವಲ್ಲ, ಜನರು ಯಾವುದನ್ನು ‘ಒಂದು’ ಎಂದು ಒಪ್ಪಿಕೊಂಡಿದ್ದಾರೆ ಎಂಬ ಸಂಗತಿ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಮೊದಲು ಕನ್ನಡದೊಡನೆ ಒಂದು ಹೋಲಿಕೆ. ಹೋದನು, ಹೋದಳು, ಹೋದರು, ಹೋಯಿತು, ಹೋದವು ಎಂದು ನಮ್ಮ ಕ್ರಿಯಾಪದವು ಕರ್ತೃವಿನ ಲಿಂಗವನ್ನೂ ವಚನವನ್ನೂ ಬೆನ್ನ ಮೇಲೆ ಹೊತ್ತುಕೊಂಡೇ ಬರುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ವೆಂಟ್’ ಒಂದೇ. ಭೂತಕಾಲದಲ್ಲಿ ‘ವಾಸ್’ ಮತ್ತು ‘ವರ್’ ಎಂಬ ಜೋಡಿಯನ್ನು ಬಿಟ್ಟರೆ ವಚನಭೇದವೇ ಇಲ್ಲ. ವರ್ತಮಾನದಲ್ಲಿ ಉಳಿದಿರುವುದು ‘ಆಮ್, ಈಸ್, ಆರ್’ಗಳು ಮತ್ತು ‘ಗೋಸ್’, ‘ಹ್ಯಾಸ್’ಗಳ ಕೊನೆಯಲ್ಲಿ ತೂಗಾಡುವ ಒಂದು ‘ಎಸ್’ ಅಕ್ಷರ ಮಾತ್ರ. ಮೊದಲು ಹೀಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನ ಕ್ರಿಯೆಗೆ ತನ್ನದೇ ಆದ ಪ್ರತ್ಯಯವಿತ್ತು. 1400ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲಕ್ಕೆ ದಕ್ಷಿಣ ಸೀಮೆಯಲ್ಲಿ ‘ಎಥ್’, ನಡುನಾಡಿನಲ್ಲಿ ‘ಎನ್’, ಉತ್ತರದಲ್ಲಿ ‘ಎಸ್’ ಎಂದು ಸೀಮೆಗೊಂದು ಬಗೆಯಿತ್ತು. ಕಾಲಾಂತರದಲ್ಲಿ ಬಹುವಚನದ ಪ್ರತ್ಯಯಗಳು ಸವೆದುಹೋದವು. ಏಕವಚನಕ್ಕೆ ದಕ್ಷಿಣದವರು ಹೇಳುತ್ತಿದ್ದ ‘ಎಥ್’ ಎಂಬುದನ್ನು ಉತ್ತರದಿಂದ ಇಳಿದುಬಂದ ‘ಎಸ್’ ಹದಿನೇಳನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಹೊರಗೆ ಹಾಕಿತು.

ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಉತ್ತರಭಾಗದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ‘ದೆ ಸಿಂಗ್’ ಎನ್ನುವವರೇ ‘ದಿ ಬರ್ಡ್ಸ್ ಸಿಂಗ್ಸ್’ ಎಂದೂ ಹೇಳುತ್ತಿದ್ದರು. ಬಹುವಚನದ ಸರ್ವನಾಮ ಪಕ್ಕದಲ್ಲಿಯೇ ಇದ್ದರೆ ‘ಎಸ್’ ಬೇಡ, ನಾಮಪದವಿದ್ದರೆ ‘ಎಸ್’ ಬೇಕು ಎಂಬುದು ಅವರ ಕಟ್ಟಳೆ. ನಮ್ಮ ಮಕ್ಕಳು ಹಾಗೆ ಬರೆದಾಗ ನಾವು ಕೆಂಪು ಶಾಯಿಯಿಂದ ಗೀಚುತ್ತೇವೆ. ಧಾರವಾಡದ ಮಾತು ಮೈಸೂರಿನವರ ಕಿವಿಗೆ ಬೇರೆಯಾಗಿ ಕೇಳಿಸುವಂತೆಯೇ ಇದು. ರಾಜಧಾನಿಗೆ ಹತ್ತಿರವಿದ್ದವರ ನುಡಿ ‘ಸರಿ’ ಎನಿಸಿಕೊಂಡಿತು, ದೂರವಿದ್ದವರದು ‘ತಪ್ಪು’ ಎನಿಸಿಕೊಂಡಿತು.

ಇನ್ನು ಏಟು ತಿಂದವರ ಕಥೆ. ಇಂಗ್ಲಿಷಿನಲ್ಲಿಯೂ ಹಿಂದೆ ನಮ್ಮ ‘ನೀನು’, ‘ನೀವು’ಗಳಂತೆ ಎರಡು ಪದಗಳಿದ್ದವು. ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’ ಅಥವಾ ‘ಯೂ’. ‘ದೌ ಆರ್ಟ್’ ಎಂದರೆ ನೀನು ಇರುವೆ, ‘ಯೂ ಆರ್’ ಎಂದರೆ ನೀವು ಇರುವಿರಿ. ಹದಿಮೂರನೆಯ ಶತಮಾನದಿಂದೀಚೆಗೆ, ಫ್ರೆಂಚರ ಆಸ್ಥಾನಮರ್ಯಾದೆಯ ಪ್ರಭಾವದಿಂದ, ದೊಡ್ಡವರು ಒಬ್ಬರೇ ಇದ್ದರೂ ಅವರನ್ನು ಬಹುವಚನದಿಂದ ಮಾತನಾಡಿಸುವುದು ರೂಢಿಗೆ ಬಂತು. ಸೇವಕನಿಗೆ, ಮಕ್ಕಳಿಗೆ, ಆಪ್ತರಿಗೆ ‘ದೌ’. ದೇವರಿಗೂ ‘ದೌ’ ಎಂಬುದನ್ನು ಗಮನಿಸಬೇಕು. ನಾವೂ ಊರ ಗೌಡರನ್ನು ‘ನೀವು’ ಎನ್ನುತ್ತೇವೆ, ದೇವರ ಮುಂದೆ ನಿಂತಾಗ ‘ನೀನೇ ಕಾಪಾಡು’ ಎನ್ನುತ್ತೇವೆ.

ಹದಿನೇಳನೆಯ ಶತಮಾನದ ನಡುವಿನಲ್ಲಿ ಜಾರ್ಜ್ ಫಾಕ್ಸ್ ಎಂಬವನ ಮುಂದಾಳತ್ವದಲ್ಲಿ ಕ್ವೇಕರರೆಂಬ ಪಂಥ ಹುಟ್ಟಿತು. ದೇವರ ಮುಂದೆ ಎಲ್ಲ ಮನುಷ್ಯರೂ ಸಮಾನರು ಎಂದು ನಂಬಿದ ಇವರು ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ, ಬಡವನಿಗೂ ನ್ಯಾಯಾಧೀಶನಿಗೂ ಒಂದೇ ಸಮನಾಗಿ ‘ದೌ’ ಎಂದರು. ಒಬ್ಬ ಮನುಷ್ಯನಿಗೆ ಬಹುವಚನ ಹಚ್ಚುವುದು ಮುಖಸ್ತುತಿ, ಅದರ ಜೊತೆಗೆ ಸುಳ್ಳೂ ಹೌದು ಎಂಬುದು ಅವರ ವಾದ. 1660ರಲ್ಲಿ ಫಾಕ್ಸ್, ಜಾನ್ ಸ್ಟಬ್ಸ್ ಮತ್ತು ಬೆಂಜಮಿನ್ ಫರ್ಲಿ ಸೇರಿ ಒಂದು ಗ್ರಂಥವನ್ನೇ ಹೊರತಂದರು. ಏಕವಚನ ಬಹುವಚನಗಳನ್ನು ಪಂಡಿತರಿಗೆ ಕಲಿಸಲೆಂದು ಬರೆದ ‘ಬ್ಯಾಟಲ್‌ಡೋರ್’ ಎಂದು ಅದಕ್ಕೆ ಹೆಸರಿಟ್ಟರು. ಬ್ಯಾಟಲ್‌ಡೋರ್ ಎಂದರೆ ಚಿಕ್ಕ ಮಕ್ಕಳು ಅಕ್ಷರ ಕಲಿಯುತ್ತಿದ್ದ ಹಿಡಿಯುಳ್ಳ ಹಲಗೆ. ವಿಶ್ವವಿದ್ಯಾಲಯದ ಪಂಡಿತರಿಗೆ ‘ನಿಮಗಿನ್ನೂ ಅ ಆ ಇ ಈ ಬಂದಿಲ್ಲ’ ಎಂದು ಹೇಳಿದಂತೆ! ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಅನೇಕ ಭಾಷೆಗಳಿಂದ ಉದಾಹರಣೆ ತೆಗೆದು, ಒಬ್ಬನಿಗೆ ಏಕವಚನವೇ ಸಲ್ಲತಕ್ಕದ್ದು ಎಂದು ಅದರಲ್ಲಿ ಸಾಧಿಸಿದ್ದಾರೆ. ಅಹಂಕಾರಿಗಳಾದ ಕೆಲವರಿಗೆ ‘ದೌ’ ಎಂದದ್ದಕ್ಕಾಗಿ ತಮ್ಮವರು ಹೊಡೆತ ತಿಂದರೆಂದೂ ಪ್ರಾಣಾಪಾಯಕ್ಕೆ ಸಿಕ್ಕಿದರೆಂದೂ ಫಾಕ್ಸನೇ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಕ್ವೇಕರರು ಈ ಹೋರಾಟದಲ್ಲಿ ಸೋತರು. ಸೋತ ಬಗೆ ವಿಚಿತ್ರವಾಗಿದೆ. ಎಲ್ಲರನ್ನೂ ಏಕವಚನಕ್ಕೆ ತಂದು ಸಮಾನರನ್ನಾಗಿಸಬೇಕೆಂದು ಅವರು ಹೊರಟಿದ್ದರು. ಇಂಗ್ಲಿಷ್ ಜನವಾದರೋ ಎಲ್ಲರನ್ನೂ ಬಹುವಚನಕ್ಕೆ ಏರಿಸಿ ಸಮಾನರನ್ನಾಗಿಸಿತು. ಕೂಲಿಯವನಿಗೂ ‘ಯೂ ಆರ್’, ದೊರೆಗೂ ‘ಯೂ ಆರ್’. ನಮ್ಮ ಶಾಲೆಗಳಲ್ಲಿ ಇದರ ಫಲ ದಿನವೂ ಕಾಣುತ್ತಿತ್ತು. ಕನ್ನಡದ ಪಿರಿಯಡ್ಡಿನಲ್ಲಿ ‘ನೀನು ನಿನ್ನೆ ಎಲ್ಲಿ ಹೋಗಿದ್ದೆಯೋ?’ ಎನಿಸಿಕೊಂಡ ಹುಡುಗನೇ ಮುಂದಿನ ಇಂಗ್ಲಿಷ್ ಪಿರಿಯಡ್ಡಿನಲ್ಲಿ ‘ವೇರ್ ವರ್ ಯೂ?’ ಎಂಬ ಬಹುವಚನದ ಮರ್ಯಾದೆ ಪಡೆಯುತ್ತಿದ್ದ. ಬೆತ್ತ ಮಾತ್ರ ಎರಡರಲ್ಲಿಯೂ ಒಂದೇ.

ಆದರೆ ಒಬ್ಬನಿಗೂ ‘ಯೂ’, ಹತ್ತು ಜನಕ್ಕೂ ‘ಯೂ’ ಎಂದಾದ ಮೇಲೆ ಗೊಂದಲ ತಪ್ಪಿದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಅನೇಕ ವಿದ್ಯಾವಂತರೇ ಒಬ್ಬನನ್ನು ಕುರಿತು ‘ಯೂ ವಾಸ್’ ಎಂದೂ ಹಲವರನ್ನು ಕುರಿತು ‘ಯೂ ವರ್’ ಎಂದೂ ಬರೆಯತೊಡಗಿದರು. ನನ್ನ ದೃಷ್ಟಿಯಲ್ಲಿ ಇದು ಬಹಳ ಜಾಣತನದ ಏರ್ಪಾಡು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಇದನ್ನು ಘೋರ ಅಪರಾಧವೆಂಬಂತೆ ಖಂಡಿಸಿದ. ಮುಂದೆ ಲಂಡನ್ನಿನ ಬಿಷಪ್ ಆದ ಈತ ಹೀಬ್ರೂ ಕಾವ್ಯದ ದೊಡ್ಡ ವಿದ್ವಾಂಸ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್, ಜನರ ಬಳಕೆಯೇ ಪ್ರಮಾಣವೆಂದು ‘ಯೂ ವಾಸ್’ ಪರವಾಗಿ ವಾದಿಸಿದ. ಗೆದ್ದವನು ಲೌತ್. ಒಂದು ಕಾಲಕ್ಕೆ ಓದಿದವರ ಬರವಣಿಗೆಯಲ್ಲಿದ್ದ ರೂಪವು ಓದದವರ ಗುರುತಾಗಿ ಹೋಯಿತು. ಒಬ್ಬ ವ್ಯಕ್ತಿಗೆ ‘ದೆ ಆರ್’ ಎಂದು ಹೇಳುವುದರ ಬಗ್ಗೆ ಈಗ ಎದ್ದಿರುವ ವಿವಾದವೂ ಇದೇ ಜಾಡಿನದು. ಯಾರೆಂದು ಗೊತ್ತಿಲ್ಲದ ಒಬ್ಬರನ್ನು ‘ದೆ’ ಎನ್ನುವುದು ಇಂಗ್ಲಿಷಿನಲ್ಲಿ ಹದಿನಾಲ್ಕನೆಯ ಶತಮಾನದಿಂದಲೂ ಇದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಈ ಪದವನ್ನೇ ವರ್ಷದ ಪದವೆಂದು ಆರಿಸಿತು. ಬಾಗಿಲು ತಟ್ಟಿದ ಒಬ್ಬರನ್ನು ಕುರಿತು ‘ಯಾರೋ ಬಂದಿದ್ದಾರೆ, ಅವರನ್ನು ಒಳಗೆ ಕರೆ’ ಎನ್ನುವ ನಮಗೆ ಇದರಲ್ಲಿ ಅಚ್ಚರಿಯೇನಿದೆ?

ಲೌತನ ನಂತರ ಬಂದವನು ಲಿಂಡ್ಲಿ ಮರೆ. 1745ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಹುಟ್ಟಿದ ಈತನೂ ಕ್ವೇಕರ್. ನ್ಯೂಯಾರ್ಕಿನಲ್ಲಿ ವಕೀಲನಾಗಿದ್ದು, ಅಲ್ಲಿಯ ಸ್ವಾತಂತ್ರ್ಯಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಳಿ ಬಂದು ನೆಲೆಸಿದ. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯರ ಕೋರಿಕೆಯ ಮೇರೆಗೆ ಅವನು ಬರೆದ ವ್ಯಾಕರಣ 1795ರಲ್ಲಿ ಅಚ್ಚಾಯಿತು. ಅದು ಎರಡು ಖಂಡಗಳ ಶಾಲೆಗಳನ್ನೂ ಆಳಿತು. ಗುಂಪನ್ನು ಸೂಚಿಸುವ ನಾಮಪದಕ್ಕೆ ಕ್ರಿಯಾಪದವು ಏಕವಚನದಲ್ಲಿಯೂ ಇರಬಹುದು ಬಹುವಚನದಲ್ಲಿಯೂ ಇರಬಹುದು, ಮನಸ್ಸಿನಲ್ಲಿರುವುದು ಏಕತ್ವದ ಭಾವವೋ ಅನೇಕತ್ವದ ಭಾವವೋ ಎಂದು ನೋಡಿಕೊಳ್ಳಬೇಕು ಎಂಬುದು ಅವನು ಹೇಳಿದ ನಿಯಮದ ಸಾರ. ಇದೇ ನಿಯಮವು ಪುಸ್ತಕದಿಂದ ಪುಸ್ತಕಕ್ಕೆ ಹರಿದು, ನಮ್ಮ ಕಾಲದ ರೆನ್ ಅಂಡ್ ಮಾರ್ಟಿನ್‌ಗೂ ಅಲ್ಲಿಂದ ನಮ್ಮ ಕಪ್ಪುಹಲಗೆಗೂ ಬಂತು. ನ್ಯಾಯದರ್ಶಿಗಳ ಮಂಡಲಿ ಒಂದೇ ತೀರ್ಪು ಕೊಟ್ಟರೆ ‘ವಾಸ್’, ತಮ್ಮತಮ್ಮಲ್ಲಿ ಭಿನ್ನಾಭಿಪ್ರಾಯ ತಾಳಿದರೆ ‘ವರ್’. ನಿಮ್ಮಲ್ಲಿ ಹಲವರು ಇದನ್ನು ಬಾಯಿಪಾಠ ಮಾಡಿದ್ದೀರಿ.

ಕನ್ನಡಕ್ಕೂ ಈ ಉಪಾಯ ಹೊಸದಲ್ಲ. ‘ಜಾತ್ರೆಗೆ ಜನ ಸೇರಿದ್ದರು’ ಎಂದರೂ ಸರಿ, ‘ಜಾತ್ರೆಯಲ್ಲಿ ಜನ ಸೇರಿತ್ತು’ ಎಂದರೂ ಸರಿ. ಮೊದಲನೆಯದರಲ್ಲಿ ಮುಖಗಳು ಕಾಣುತ್ತವೆ, ಎರಡನೆಯದರಲ್ಲಿ ಸಂದಣಿ ಕಾಣುತ್ತದೆ. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಇನ್ನೂ ಸೊಗಸಾದ ಉದಾಹರಣೆಯಿದೆ. ಕ್ರೀಡಾಪುಟದಲ್ಲಿ ‘ಇಂಡಿಯಾ ವಿನ್’ ಎಂಬ ಬಹುವಚನ, ಏಕೆಂದರೆ ಆಡುವವರು ಹನ್ನೊಂದು ಜನ. ಮುಖಪುಟದಲ್ಲಿ ‘ಇಂಡಿಯಾ ಹ್ಯಾಸ್ ಸೈನ್ಡ್’ ಎಂಬ ಏಕವಚನ, ಏಕೆಂದರೆ ಒಪ್ಪಂದಕ್ಕೆ ಸಹಿ ಹಾಕುವುದು ಒಂದು ರಾಷ್ಟ್ರ. ಅಮೆರಿಕನ್ನರಿಗೆ ಈ ಕ್ರೀಡಾಪುಟದ ಪ್ರಯೋಗ ವಿಚಿತ್ರವಾಗಿ ಕಾಣುತ್ತದೆ. ತಂಡವಾಗಲಿ ಸರಕಾರವಾಗಲಿ ಅವರಿಗೆ ಸಾಮಾನ್ಯವಾಗಿ ಏಕವಚನವೇ.

‘ನನ್’ ಎಂಬ ಪದದ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಅದು ‘ಒಂದೂ ಇಲ್ಲ’ ಎಂಬ ಅರ್ಥದ ಹಳೆಯ ಮಾತಿನಿಂದ ಬಂದದ್ದು ನಿಜ. ಆದಕಾರಣ ಅದಕ್ಕೆ ಏಕವಚನವೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಆದರೆ ಪ್ರಾಚೀನ ಇಂಗ್ಲಿಷಿನ ಕಾಲದಿಂದಲೂ ಅದು ಎರಡು ವಚನಗಳಲ್ಲಿಯೂ ಬಳಕೆಯಾಗಿದೆ. ಒಬ್ಬ ಪರೀಕ್ಷಕರು ‘ನನ್ ವರ್’ ಎಂದು ಬರೆದ ಹುಡುಗಿಗೆ ಅಂಕ ಕಳೆದದ್ದನ್ನು ನಾನು ಬಲ್ಲೆ. ಆ ಹುಡುಗಿಯ ಪಕ್ಷದಲ್ಲಿ ಸಾವಿರ ವರ್ಷಗಳ ಬಳಕೆಯಿತ್ತು, ಪರೀಕ್ಷಕರ ಪಕ್ಷದಲ್ಲಿ ಪೆನ್ನು ಇತ್ತು. ‘ನ್ಯೂಸ್’ ಎಂಬುದು ಇದಕ್ಕೆ ವ್ಯತಿರಿಕ್ತ. ಶೇಕ್ಸ್‌ಪಿಯರನ ಕಾಲದಲ್ಲಿ ಅದು ಬಹುವಚನವೂ ಆಗಿತ್ತು, ಈಗ ಕೇವಲ ಏಕವಚನ. ನಮ್ಮ ಆಕಾಶವಾಣಿಯಲ್ಲಾದರೋ ಅವು ‘ವಾರ್ತೆಗಳು’.

ಮರೆಯ ನಿಯಮದಲ್ಲಿ ಒಂದು ದೊಡ್ಡ ಸಂದಿ ಉಳಿದಿತ್ತು. ಏಕತ್ವವೋ ಅನೇಕತ್ವವೋ ಎಂಬುದನ್ನು ಮನಸ್ಸಿನ ಭಾವ ನೋಡಿ ತಿಳಿಯಬೇಕು ಎಂದೇನೋ ಹೇಳಿದ, ಆದರೆ ಯಾರ ಮನಸ್ಸು? ಅವನು ಬಿಟ್ಟುಬಂದ ದೇಶದ ಹೆಸರೇ ಈ ಪ್ರಶ್ನೆಯನ್ನು ಎತ್ತಿ ಹಿಡಿದಿತ್ತು. 1776ರ ಸ್ವಾತಂತ್ರ್ಯಘೋಷಣೆಯ ಚರ್ಮಪತ್ರದಲ್ಲಿ ಶೀರ್ಷಿಕೆಯು ‘ಹದಿಮೂರು’ ಎಂಬ ಸಂಖ್ಯೆಯೊಡನೆ, ‘ಯುನೈಟೆಡ್’ ಎಂಬ ಮಾತಿಗೆ ದೊಡ್ಡ ಅಕ್ಷರವನ್ನೂ ಕೊಡದೆ ಬರೆಯಲ್ಪಟ್ಟಿದೆ. ಅಂದರೆ ಅದಿನ್ನೂ ಹೆಸರಲ್ಲ, ಬರಿಯ ವಿಶೇಷಣ: ಒಟ್ಟುಗೂಡಿದ ಹದಿಮೂರು ರಾಜ್ಯಗಳು. 1787ರ ಸಂವಿಧಾನದಲ್ಲಿ ದೇಶದ್ರೋಹವೆಂದರೆ ಏನು ಎಂದು ಹೇಳುವ 3ನೆಯ ವಿಧಿಯು ಯುನೈಟೆಡ್ ಸ್ಟೇಟ್ಸ್ ಅನ್ನು ಕುರಿತು ‘ದೆಮ್’ ಎನ್ನುತ್ತದೆ, ‘ದೇರ್’ ಎನ್ನುತ್ತದೆ. ‘ಅದರ’ ವಿರುದ್ಧವಲ್ಲ, ‘ಅವುಗಳ’ ವಿರುದ್ಧ ಯುದ್ಧ ಹೂಡುವುದು ದ್ರೋಹ. ಮರೆಯ ವ್ಯಾಕರಣ ಹೊರಬಂದ 1795ರಲ್ಲಿಯೇ ಅಂಗೀಕಾರ ಪಡೆದ 11ನೆಯ ತಿದ್ದುಪಡಿಯಲ್ಲಿ, ಒಂದು ರಾಜ್ಯವನ್ನು ಸೂಚಿಸಲು ‘ಯುನೈಟೆಡ್ ಸ್ಟೇಟ್ಸ್‌ಗಳಲ್ಲಿ ಒಂದು’ ಎಂಬರ್ಥದ ಮಾತಿದೆ. ಇಂದು ಯಾವ ಅಮೆರಿಕನ್ನನೂ ಹೀಗೆ ಹೇಳುವುದಿಲ್ಲ.

ಇದು ಬರಿಯ ಪದಗಳ ಆಟವಾಗಿರಲಿಲ್ಲ. ಹಲವು ರಾಜ್ಯಗಳು ತಮ್ಮ ಇಚ್ಛೆಯಿಂದ ಮಾಡಿಕೊಂಡ ಕೂಟ ಇದು ಎಂದಾದರೆ, ಇಷ್ಟವಿಲ್ಲದ ರಾಜ್ಯವು ಕೂಟದಿಂದ ಎದ್ದು ಹೋಗಬಹುದು. ಒಂದೇ ಜನತೆಯ ಒಂದೇ ರಾಷ್ಟ್ರ ಎಂದಾದರೆ ಎದ್ದು ಹೋಗುವ ಮಾತೇ ಇಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದಿದ್ದ ದಕ್ಷಿಣದ ರಾಜ್ಯಗಳಿಗೆ ಮೊದಲನೆಯ ವಾದವೇ ಆಸರೆಯಾಯಿತು. 1830ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ದಕ್ಷಿಣ ಕೆರೊಲಿನದ ರಾಬರ್ಟ್ ಹೇನ್ ಅವರಿಗೂ ಡೇನಿಯಲ್ ವೆಬ್‌ಸ್ಟರ್ ಅವರಿಗೂ ನಡೆದ ಪ್ರಸಿದ್ಧ ವಾದದ ತಿರುಳೂ ಇದೇ. 1860ರ ಡಿಸೆಂಬರಿನಲ್ಲಿ ದಕ್ಷಿಣ ಕೆರೊಲಿನ ಹೊರಟೇಹೋಯಿತು, ಅದರ ಹಿಂದೆ ಇನ್ನೂ ಹತ್ತು ರಾಜ್ಯಗಳು ಹೋದವು. 1861ರಿಂದ 1865ರ ವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. 1863ರಲ್ಲಿ ಗೆಟಿಸ್‌ಬರ್ಗಿನ ರುದ್ರಭೂಮಿಯಲ್ಲಿ ಲಿಂಕನ್ ಮಾಡಿದ ಪುಟ್ಟ ಭಾಷಣದಲ್ಲಿ ‘ನೇಷನ್’ ಎಂಬ ಪದ ಐದು ಬಾರಿ ಬರುತ್ತದೆ, ‘ಯುನೈಟೆಡ್ ಸ್ಟೇಟ್ಸ್’ ಎಂಬುದು ಒಮ್ಮೆಯೂ ಬರುವುದಿಲ್ಲ. ‘ನೇಷನ್’ಗೆ ವಚನದ ತೊಡಕಿಲ್ಲ.

ಯುದ್ಧಕ್ಕೆ ಮೊದಲು ‘ದಿ ಯುನೈಟೆಡ್ ಸ್ಟೇಟ್ಸ್ ಆರ್’, ಯುದ್ಧದ ನಂತರ ‘ದಿ ಯುನೈಟೆಡ್ ಸ್ಟೇಟ್ಸ್ ಈಸ್’ ಎಂಬ ಮಾತು ಬಹಳ ಜನಪ್ರಿಯ. 1990ರಲ್ಲಿ ಕೆನ್ ಬರ್ನ್ಸ್ ಅವರ ದೂರದರ್ಶನ ಸಾಕ್ಷ್ಯಚಿತ್ರದಲ್ಲಿ ಲೇಖಕ ಶೆಲ್ಬಿ ಫುಟ್ ಇದನ್ನು ಹೇಳಿದ ಮೇಲಂತೂ ಅದು ಎಲ್ಲೆಡೆ ಹಬ್ಬಿತು. ಕೇಳಲು ಚೆನ್ನಾಗಿದೆ, ಆದರೆ ಭಾಷೆ ಅಷ್ಟು ವಿಧೇಯವಲ್ಲ. ಗುಲಾಮಗಿರಿಯನ್ನು ರದ್ದುಪಡಿಸಿದ 1865ರ 13ನೆಯ ತಿದ್ದುಪಡಿಯೇ, ಅಂದರೆ ಯುದ್ಧದ ಮುಖ್ಯ ಫಲವೇ, ಯುನೈಟೆಡ್ ಸ್ಟೇಟ್ಸ್‌ನ ಅಧಿಕಾರವ್ಯಾಪ್ತಿಯನ್ನು ‘ದೇರ್’ ಎಂಬ ಬಹುವಚನದಿಂದ ಕರೆಯುತ್ತದೆ. ಮೂರು ವರ್ಷಗಳ ನಂತರದ 14ನೆಯ ತಿದ್ದುಪಡಿಯು ಅದೇ ಸಂದರ್ಭದಲ್ಲಿ ‘ದೇರ್‌ಆಫ್’ ಎಂಬ, ಯಾವ ವಚನಕ್ಕೂ ಸೇರದ ಪದವನ್ನು ಬಳಸಿತು. ವಕೀಲರು ಜಾಣರು! 1869ರಲ್ಲಿ ಸರ್ವೋಚ್ಚ ನ್ಯಾಯಾಲಯವು ಟೆಕ್ಸಾಸ್ ರಾಜ್ಯದ ಮೊಕದ್ದಮೆಯೊಂದರಲ್ಲಿ, ಒಕ್ಕೂಟವೂ ಅಳಿಯದು ರಾಜ್ಯಗಳೂ ಅಳಿಯವು ಎಂದು ತೀರ್ಪಿತ್ತಿತು. ಹೀಗೆ ಕಾನೂನು ಒಂದೆಂದು ಹೇಳಿದರೂ ಅದೇ ನ್ಯಾಯಾಲಯದ ತೀರ್ಪುಗಳ ಗದ್ಯದಲ್ಲಿ ಬಹುವಚನವು ಆ ಶತಮಾನದ ಕೊನೆಯ ವರೆಗೂ ಬಾಳಿತು. 1790ರಿಂದ 1919ರ ವರೆಗಿನ ತೀರ್ಪುಗಳನ್ನು ಶೋಧಿಸಿ ಮೈನರ್ ಮೈಯರ್ಸ್ ಎಂಬ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಏಕವಚನವು ಸ್ಥಿರವಾಗಿ ಮೇಲುಗೈ ಸಾಧಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಂದು ತೋರಿಸಿದ್ದಾರೆ.

ಆ ಆರಂಭದ ವರ್ಷಗಳಲ್ಲಿಯೇ ವಿಷಯ ಪತ್ರಿಕೆಗೂ ಏರಿತ್ತು. 1901ರ ಮೇ ತಿಂಗಳಿನಲ್ಲಿ, ಹಿಂದೆ ವಿದೇಶಾಂಗ ಸಚಿವರಾಗಿದ್ದ ಜಾನ್ ಫಾಸ್ಟರ್ ಅವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ‘ಆರ್’ ಸರಿಯೋ ‘ಈಸ್’ ಸರಿಯೋ ಎಂದು ದೀರ್ಘವಾಗಿ ಚರ್ಚಿಸಿ ಏಕವಚನದ ಪರವಾಗಿ ನಿಂತರು. ನೆಹರೂ ಕಾಲದ ಪತ್ರಿಕೆಗಳನ್ನು ಓದಿದ ಹಿರಿಯರಿಗೆ ನೆನಪಿರುವ ಜಾನ್ ಫಾಸ್ಟರ್ ಡಲ್ಲೆಸ್ ಈತನ ಮೊಮ್ಮಗ. ಮರುವರ್ಷ, 1902ರಲ್ಲಿ, ಅಲ್ಲಿಯ ಪ್ರತಿನಿಧಿಸಭೆಯ ಕಾನೂನು ಪರಿಷ್ಕರಣ ಸಮಿತಿಯೂ ಏಕವಚನವನ್ನೇ ಎತ್ತಿಹಿಡಿಯಿತು. ಯುದ್ಧ ಮುಗಿದು ಆಗ 37 ವರ್ಷಗಳಾಗಿದ್ದವು. ಫಿರಂಗಿಗಳು ನಾಲ್ಕು ವರ್ಷದಲ್ಲಿ ಮಾಡಿದ ಕೆಲಸವನ್ನು ಒಪ್ಪಿಕೊಳ್ಳಲು ಕ್ರಿಯಾಪದಕ್ಕೆ ಒಂದು ತಲೆಮಾರು ಬೇಕಾಯಿತು.

‘ಯುನೈಟೆಡ್ ನೇಷನ್ಸ್’ ಎಂಬ ಹೆಸರು ಇದೇ ದಾರಿಯನ್ನು ಬಹುಬೇಗ ಸವೆಸಿತು. 1942ರ ಜನವರಿ 1ರ ಘೋಷಣೆಯಲ್ಲಿ ಅದು ಜರ್ಮನಿ, ಜಪಾನುಗಳ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರಗಳ ಸಮೂಹವನ್ನು ಸೂಚಿಸುವ ಬಹುವಚನ. ಯುದ್ಧ ಮುಗಿದ ಮೇಲೆ ಅದು ಒಂದು ಸಂಸ್ಥೆಯ ಹೆಸರು, ಏಕವಚನ. 1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆ ಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದ ನಿಯೋಗದ ಮುಖ್ಯಸ್ಥರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಮರುವರ್ಷವೇ ಮೈಸೂರಿನ ದಿವಾನರಾಗಿ ಬಂದು, ನಮ್ಮ ಸಂಸ್ಥಾನದ ಕೊನೆಯ ದಿವಾನರೆನಿಸಿಕೊಂಡವರು ಇವರೇ.

ಅಮೆರಿಕದ ಈ ವಚನಸಂಕಟವನ್ನು ನಮ್ಮ ಸಂವಿಧಾನವನ್ನು ರಚಿಸಿದವರು ಚೆನ್ನಾಗಿ ಬಲ್ಲವರಾಗಿದ್ದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರರು, ಭಾರತವನ್ನು ‘ಫೆಡರೇಷನ್’ ಎನ್ನದೆ ‘ಯೂನಿಯನ್’ ಎಂದದ್ದೇಕೆ ಎಂದು ವಿವರಿಸಿದರು. ನಮ್ಮ ಒಕ್ಕೂಟವು ರಾಜ್ಯಗಳ ನಡುವಿನ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದ ಬಿಟ್ಟುಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ ಎಂಬುದು ಅವರ ವಿವರಣೆ. ರಾಜ್ಯಗಳಿಗೆ ಆ ಹಕ್ಕಿಲ್ಲವೆಂದು ಸ್ಥಾಪಿಸಲು ಅಮೆರಿಕನ್ನರು ಅಂತರ್ಯುದ್ಧವನ್ನೇ ಮಾಡಬೇಕಾಯಿತೆಂದೂ, ಈ ವಿಷಯವನ್ನು ಮುಂದಿನ ವಿವಾದಕ್ಕೆ ಬಿಡದೆ ಮೊದಲೇ ಸ್ಪಷ್ಟಪಡಿಸುವುದು ಲೇಸೆಂದು ಕರಡು ಸಮಿತಿ ಭಾವಿಸಿತೆಂದೂ ಅವರು ಸಭೆಗೆ ತಿಳಿಸಿದರು. ಮುಂದೆ ಅಂಗೀಕಾರವಾದ 1ನೆಯ ವಿಧಿಯ ಇಂಗ್ಲಿಷ್ ಪಾಠದಲ್ಲಿ ಇಂಡಿಯಾ ಮತ್ತು ಭಾರತ ಎಂಬ ಎರಡು ಹೆಸರುಗಳ ನಡುವೆ ನಿಂತಿರುವ ಕ್ರಿಯಾಪದ ‘ಈಸ್’. ಅದಕ್ಕೂ ಮೊದಲು ಬರುವ ಪ್ರಸ್ತಾವನೆಯಲ್ಲಾದರೋ ಕರ್ತೃಪದ ‘ನಾವು’, ಆ ಸಂವಿಧಾನವನ್ನು ಅರ್ಪಿಸಿಕೊಳ್ಳುವುದೂ ‘ನಮಗೆ’. ಅಲ್ಲಿ ಎಲ್ಲವೂ ಬಹುವಚನ.